ಅಜ್ಜಿ, ಮೊಮ್ಮಗ ಇಬ್ಬರನ್ನೂ ಕೂರಿಸಿ ಯುದ್ಧದ ಮಾತಾಡಿಸುವುದು ಹೇಗೆ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. 2025ರ ಮೇ, ಟಿವಿ ತುಂಬ ಆಪರೇಷನ್ ಸಿಂಧೂರ. ಊಟಕ್ಕೆ ಕೂತಾಗ ‘ಯುದ್ಧ ಬೇಕಾ, ಬೇಡ್ವಾ?’ ಅಂತ ಕೇಳಿದೆ. ಮಗ ‘ಬೇಕೇ ಬೇಕು’ ಅಂದ. ಆಯಿ, ಅಂದರೆ ಅವನ ಅಜ್ಜಿ, ತಾಟು ಎತ್ತಿಕೊಂಡು ಒಳಗೆ ಹೋದಳು. ಮೂರು ದಿನ ಇಬ್ಬರಿಗೂ ಮಾತಿಲ್ಲ.

ಹಾಗಾಗಿ ಬೇಕು-ಬೇಡ ಕೇಳಲೇಬೇಡಿ. ‘ಅವತ್ತು ಮನೆಯಲ್ಲಿ ಏನು ಅಡುಗೆ?’ ಅಂತ ಕೇಳಿ.

ಆಯಿಯ ತವರು ಕಾರವಾರ ಹತ್ತಿರದ ಬಿಣಗಾ. 1961ರಲ್ಲಿ ಅವಳಿಗೆ 11 ವರ್ಷ. ಎದುರಿನ ಅಂಜುದೀವ್ ದ್ವೀಪ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಮೀನು ದೋಣಿಗಳ ಮೇಲೂ ಅಲ್ಲಿಂದ ಗುಂಡು ಬರುತ್ತಿತ್ತು. ‘ದೋಣಿ ಇಳಿಯಲಿಲ್ಲ. ದಿನಾ ಗಂಜಿ, ಒಣ ಸೀಗಡಿ ಚಟ್ನಿ’ ಅಂದಳು. ಗೋವಾ ವಿಮೋಚನೆಯ ಹೊತ್ತಲ್ಲಿ, ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು, 7 ನಾವಿಕರು ಸತ್ತರು. ಅದು ನಾನು ಓದಿ ತಿಳಿದದ್ದು. ಆಯಿಗೆ ನೆನಪಿರುವುದು ಸೀಗಡಿ, ಮತ್ತೆ ಸದ್ದು ಕೇಳಿದಾಗಲೆಲ್ಲ ಅವಳಪ್ಪ ಬಾಗಿಲಿಗೆ ಅಗಳಿ ಹಾಕುತ್ತಿದ್ದದ್ದು. ಮಗ ಫೋನ್ ಕೆಳಗಿಟ್ಟ. ‘ಅಗಳಿ ಹಾಕಿದ್ರೆ ಗುಂಡು ನಿಲ್ತದಾ ಅಜ್ಜಿ?’ ಆಯಿ ನಕ್ಕುಬಿಟ್ಟಳು.

ಆಯಿ 1961ನ್ನೂ 1971ರ ಪಾಕಿಸ್ತಾನದ ಯುದ್ಧವನ್ನೂ ಕಲಸಿಬಿಡುತ್ತಾಳೆ. ಮಧ್ಯೆ ಬಾಯಿ ಹಾಕಿ ಇಸವಿ ತಿದ್ದಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ನೋಡಿಕೊಂಡರಾಯಿತು. ರೆಕಾರ್ಡ್ ಮಾಡುವುದಾದರೆ ಮನೆಯಲ್ಲೇ, ಫ್ಯಾನ್ ಆರಿಸಿ ಮಾಡಿ. ಕಡಲ ತೀರದಲ್ಲಿ ಗಾಳಿ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ.

ಆದರೂ ಒಂದು ಸಂಜೆ ಕಾರವಾರದ ಟಾಗೋರ್ ಬೀಚಿಗೆ ಕರೆದುಕೊಂಡು ಹೋಗಿ. ಅಲ್ಲಿ ಐಎನ್‌ಎಸ್ ಚಪಲ್ ಅನ್ನುವ ಹಳೇ ಯುದ್ಧನೌಕೆ ಇದೆ, 2006ರಿಂದ ಮ್ಯೂಸಿಯಂ. ಮಗ ಕ್ಷಿಪಣಿ ಮುಂದೆ ಸೆಲ್ಫಿ ತೆಗೆದ. ಆಯಿ ಹತ್ತಲೇ ಇಲ್ಲ. ಇಬ್ಬರೂ ಒಟ್ಟಿಗೆ ನಿಂತದ್ದು ಚೆಂಡಿಯಾದ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಹತ್ತಿರ. 1948ರಲ್ಲಿ ರಜೌರಿ ದಾರಿಯಲ್ಲಿ ಗುಂಡಿನ ಮಳೆ ನಡುವೆ ಮೈನ್ ತೆಗೆದು, ಅಡ್ಡ ಹಾಕಿದ್ದ ಮರ ಸರಿಸಿ ಟ್ಯಾಂಕಿಗೆ ದಾರಿ ಮಾಡಿಕೊಟ್ಟವರು. ‘ರಸ್ತೆ ಬಿಡಿಸಿದ್ದಕ್ಕೆ ಪರಮವೀರ ಚಕ್ರನಾ?’ ಅಂದ ಮಗ. ಸಿನಿಮಾ ಯುದ್ಧದಲ್ಲಿ ರಸ್ತೆ ಯಾರೂ ಬಿಡಿಸುವುದಿಲ್ಲ, ಅಲ್ವಾ?

ನಮ್ಮ ವಯಸ್ಸಿನವರು ಜಾಸ್ತಿ ಮಾತಾಡಬಾರದು. ನಮ್ಮದು 1999ರ ಕಾರ್ಗಿಲ್, ಅದೂ ಟಿವಿಯಲ್ಲಿ ನೋಡಿದ್ದು.

ಒಂದು ವಿಷಯ ಹಿರಿಯರು ತಾವಾಗಿಯೇ ಎತ್ತುವವರೆಗೆ ಕಾಯಿರಿ: ಬಿಟ್ಟುಬಂದ ನೆಲ. ಆಯಿ ಮದುವೆಯಾಗಿ ಹೋದದ್ದು ಅರ್ಗಾಕ್ಕೆ. ಕಾರವಾರದ ನೌಕಾನೆಲೆಗೆ ಜಾಗ ಬಿಟ್ಟ ಊರುಗಳಲ್ಲಿ ಅದೂ ಒಂದು. ಆ ಸಂಜೆ ವಾಪಸ್ ಬರುವಾಗ ಆಟೋದಲ್ಲಿ ಸುಮ್ನೆ ಕೂತಿದ್ದವಳು ‘ಅಲ್ಲಿ ನಮ್ಮ ತೆಂಗಿತ್ತು’ ಅಂದಳು.

‘ಎಷ್ಟು ಮರ?’ ಮಗ ಕೇಳಿದ.

‘ಹದಿನೆಂಟು. ಬಾವಿ ಹತ್ತಿರದ್ದು ಸೇರಿಸಿದ್ರೆ ಹತ್ತೊಂಬತ್ತು.’