ಹಳೆಯ ಜೀಪ್ ಪಿಕಪ್‌ಗೆ ಹೊಸ ಎಂಜಿನ್: ಪಾನಾ ಹಿಡಿಯುವ ಮೊದಲು ಟೇಪ್ ಹಿಡಿಯಿರಿ

ನಮ್ಮ ಮನೆಯ ಜೀಪ್ ಪಿಕಪ್ ಕುಂದಗೋಳ ಕಡೆಯ ಹೊಲಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ದುಡಿದ ಗಾಡಿ. ಅಪ್ಪ ಅದನ್ನು ಮಾರಲಿಲ್ಲ. ಎಂಜಿನ್ ಬ್ಲಾಕ್ ಒಡೆದ ಮೇಲೆ ಹಿತ್ತಲಿನ ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತಿತ್ತು. ಅದಕ್ಕೆ ಈ ಕಾಲದ ಡೀಸೆಲ್ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಗಾಲಿಗಳ ನಡುವಿನ ಗೇರುಗಳ ಪೆಟ್ಟಿಗೆ) ಕೂರಿಸಿ ಮತ್ತೆ ರಸ್ತೆಗೆ ಇಳಿಸಿದೆವು. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಇಂಥ ಗಾಡಿಗಳು ಇನ್ನೂ ಎಷ್ಟೋ ಶೆಡ್‌ಗಳಲ್ಲಿವೆ. ಆ ಗಾಡಿಗಳ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಎತ್ತಿ ಚಾಸಿ ಮೇಲೆ ಇಡುವುದು ಒಂದು ಮಧ್ಯಾಹ್ನದ ಕೆಲಸ. ಅದರ ಮುಂಚಿನ ಅಳತೆ ಮತ್ತು ಆಮೇಲಿನ ಬ್ರೇಕ್, ಇವೆರಡರಲ್ಲೇ ತಿಂಗಳುಗಳು ಹೋಗುತ್ತವೆ. ಹೋಗಲೂ ಬೇಕು.

ಮೊದಲು ಕಾಗದ

ನಿಮ್ಮ ಗಾಡಿಗೆ 50 ವರ್ಷ ದಾಟಿದೆಯಾ? ಮೂಲ ಎಂಜಿನ್ ಇನ್ನೂ ಇದೆಯಾ? ಹಾಗಿದ್ದರೆ ದಯವಿಟ್ಟು ಅದನ್ನು ಬದಲಿಸಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಸ್ವಂತ ಬಳಕೆಯ ಇಂಥ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಒಮ್ಮೆ ಎಂಜಿನ್ ಬದಲಾಯಿತೆಂದರೆ ಆ ದಾರಿ ಮುಚ್ಚಿತು. ಹಾಗಂತ ವಿಂಟೇಜ್ ಗಾಡಿಯಲ್ಲಿ ದಿನಾ ಸಂತೆಗೆ ಹೋಗುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ ಓಡಿಸಬಹುದು. ಗಾಡಿ ನಿಮಗೆ ಯಾಕೆ ಬೇಕು ಎಂಬುದನ್ನು ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಿ.

ಎಂಜಿನ್ ಬದಲಿಸುವುದೇ ಸೈ ಎಂದಾದರೆ ಮೊದಲ ಭೇಟಿ ಆರ್‌ಟಿಒ ಕಚೇರಿಗೆ. ಧಾರವಾಡದ ಕೆಎ-25, ಗದಗದ ಕೆಎ-26, ಹಾವೇರಿಯ ಕೆಎ-27, ಹುಬ್ಬಳ್ಳಿಯ ಕೆಎ-63, ನಿಮ್ಮ ಗಾಡಿ ಯಾವುದಕ್ಕೆ ಸೇರಿದೆಯೋ ಅಲ್ಲಿಗೆ ಹೋಗಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಈ ಬದಲಾವಣೆಗೆ ಸಂಬಂಧಿಸಿದ್ದು. ಅನುಮತಿ ಇಲ್ಲದೆ ಗಾಡಿ ಮಾರ್ಪಡಿಸಿದರೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಪೆಟ್ರೋಲ್ ಗಾಡಿಯನ್ನು ಡೀಸೆಲ್ ಮಾಡುವುದಿದ್ದರೆ ಇಂಧನವೂ ಬದಲಾಗುತ್ತದೆ. ಅದನ್ನೂ ಬಾಯಿಮಾತಲ್ಲಿ ಬಿಡದೆ ಬರಹದಲ್ಲಿ ಕೇಳಿ ಪಡೆಯಿರಿ. ಅನುಮತಿ ಸಿಗದಿದ್ದರೆ ಈ ಕೆಲಸ ಅಲ್ಲಿಗೇ ನಿಲ್ಲಬೇಕು. ಎಂಜಿನ್ ಕೊಂಡ ಮೇಲೆ ಇದನ್ನೆಲ್ಲ ಕೇಳಲು ಹೋಗಬೇಡಿ.

ಹಳೆಯ ಎಂಜಿನ್ ಕೊಳ್ಳುವಾಗ ಬಿಲ್ಲು, ಅದು ಬಂದ ಗಾಡಿಯ ಆರ್‌ಸಿ ಪ್ರತಿ, ಎಂಜಿನ್ ನಂಬರ್, ಮೂರೂ ತಾಳೆಯಾಗಬೇಕು. ನಂಬರ್ ಕೆರೆದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ವಿಮೆಯವರಿಗೂ ತಿಳಿಸಿ.

ಯಾವ ಎಂಜಿನ್?

ಹಳೆಯ ಜೀಪ್‌ಗಳ ಹರಿಕೇನ್ ಪೆಟ್ರೋಲ್ ಎಂಜಿನ್ 2.2 ಲೀಟರಿನದು. ಶಕ್ತಿ ಸುಮಾರು 75 ಅಶ್ವಶಕ್ತಿ. ಬೊಲೆರೊದಲ್ಲಿ ಬಂದ 2523 ಸಿಸಿ ಕಾಮನ್ ರೇಲ್ ಡೀಸೆಲ್ ಎಂಜಿನ್ ಸುಮಾರು 63 ಅಶ್ವಶಕ್ತಿಯದು. ಕಾಗದದ ಮೇಲೆ ಹೊಸದೇ ಕಡಿಮೆ, ಅಲ್ವಾ? ಆದರೆ ಚೀಲ ತುಂಬಿದ ಗಾಡಿಯನ್ನು ಏರು ಹತ್ತಿಸುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ಹಳೆಯದರಲ್ಲಿ ಅದು ಸುಮಾರು 155 ನ್ಯೂಟನ್ ಮೀಟರ್. ಹೊಸದರಲ್ಲಿ 195. ಅದೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುತ್ತದೆ. ಓಡಿಸಿದಾಗ ಈ ವ್ಯತ್ಯಾಸ ಮೊದಲ ಗೇರಿನಲ್ಲೇ ಗೊತ್ತಾಗುತ್ತದೆ.

ನಾವು ಇದನ್ನೇ ಆರಿಸಲು ಇನ್ನೊಂದು ಕಾರಣವಿದೆ. ಇದರ ಬಿಡಿಭಾಗ ಹುಬ್ಬಳ್ಳಿಯಲ್ಲಿ ಕೇಳಿದ ದಿನವೇ ಸಿಗುತ್ತದೆ. ಯಾರೋ ವಿದೇಶಿ ವಿ8 ಕೂರಿಸಿದ್ದನ್ನು ನೋಡಿ ಆಸೆಪಡಬೇಡಿ. ನವಲಗುಂದದ ರಸ್ತೆಯಲ್ಲಿ ಒಂದು ಸೆನ್ಸರ್ ಕೆಟ್ಟರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಎಂಜಿನ್ ಒಂದನ್ನೇ ತರಬೇಡಿ. ಗೇರ್‌ಬಾಕ್ಸ್, ಕ್ಲಚ್, ಎಂಜಿನ್ ಮೌಂಟಿಂಗ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಇಡೀ ವೈರಿಂಗ್, ಕೀಲಿ, ಆಕ್ಸಿಲರೇಟರ್ ಪೆಡಲ್, ಇಂಟರ್‌ಕೂಲರ್, ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವ ಬಲ ಹೆಚ್ಚಿಸುವುದು), ಎಲ್ಲವೂ ಒಂದೇ ಗಾಡಿಯಿಂದ ಬರಲಿ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುವ ಗಾಡಿಯಾದರೆ ಕೀಲಿ ಮತ್ತು ಇಸಿಯು ಜೋಡಿ ತಪ್ಪಿದಾಗ ಎಂಜಿನ್ ಚಾಲೂ ಆಗುವುದೇ ಇಲ್ಲ. ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುತ್ತೇವೆ ಎಂದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ತಿನ್ನುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜೋಡಿಯಾಗಿಯೇ ತಂದರೆ ಈ ತಲೆನೋವೇ ಇಲ್ಲ.

ಅಳತೆ, ಮತ್ತೊಮ್ಮೆ ಅಳತೆ

ಗಾಡಿ ಬಿಚ್ಚುವ ಮೊದಲು ತೂಕದ ಕಾಟಾದ ಮೇಲೆ ನಿಲ್ಲಿಸಿ. ಮುಂದಿನ ಗಾಲಿ ಬೇರೆ, ಹಿಂದಿನ ಗಾಲಿ ಬೇರೆ ತೂಗಿಸಿ ಬರೆದಿಡಿ. ಕೆಲಸ ಮುಗಿದ ಮೇಲೆ ಮತ್ತೆ ತೂಗಿಸಿ. ಮುಂದೆ ತೂಕ ಜಾಸ್ತಿ ಆಗಿದ್ದರೆ ಪಾಟಾ, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ, ಬಲಪಡಿಸಬೇಕಾಗುತ್ತದೆ.

ಆಮೇಲೆ ಸಂಪ್ ನೋಡಿ. ಎಣ್ಣೆಯ ತೊಟ್ಟಿ ಮುಂದಿನ ಆಕ್ಸಲ್ ಮೇಲೇ ಬರುತ್ತದಾ? ಪಾಟಾ ಪೂರ್ತಿ ಕುಸಿದಾಗಲೂ ಎರಡರ ನಡುವೆ ಕನಿಷ್ಠ 50 ಮಿ.ಮೀ. ಇರಲಿ. ಟರ್ಬೊ ಸ್ಟಿಯರಿಂಗ್ ಕಂಬಕ್ಕೆ ತಾಗಬಾರದು. ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಒಂದಿಂಚು ಬೇಕು. ಬಾನೆಟ್ ಮುಚ್ಚಬೇಕು. ರಟ್ಟಿನಲ್ಲಿ ಎಂಜಿನ್ನಿನ ಆಕಾರ ಕತ್ತರಿಸಿ ಒಳಗಿಟ್ಟು ನೋಡಿದರೆ ಅರ್ಧ ತೊಂದರೆಗಳು ಅಲ್ಲೇ ಕಾಣುತ್ತವೆ.

ಇನ್ನು ಹಿಂದಿನ ಹೌಸಿಂಗ್. ಹಳೆಯ ಜೀಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಅನುಪಾತ 5.38. ಒಳಗಿನ ದೊಡ್ಡ ಗೇರಾದ ಕ್ರೌನ್‌ನಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್‌ನಲ್ಲಿ 8. ಬಿಚ್ಚದೆಯೂ ಇದನ್ನು ತಿಳಿಯಬಹುದು. ಒಂದು ಹಿಂದಿನ ಗಾಲಿಯನ್ನಷ್ಟೇ ಜಾಕ್ ಮೇಲೆ ಎತ್ತಿ. ಉಳಿದ ಗಾಲಿಗಳಿಗೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಗೇರ್‌ಬಾಕ್ಸಿನಿಂದ ಹೌಸಿಂಗ್‌ಗೆ ಶಕ್ತಿ ಒಯ್ಯುವ ಜಾಯಿಂಟ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ.

ಇದು ಯಾಕೆ ಮುಖ್ಯ ಅಂದರೆ ಡೀಸೆಲ್ ಎಂಜಿನ್ ಪೆಟ್ರೋಲಿನಷ್ಟು ಜೋರಾಗಿ ತಿರುಗುವುದಿಲ್ಲ. ನಮ್ಮ ಗಾಲಿ ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತದೆ. ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ತಳ್ಳಿ ಅಳೆದದ್ದು. ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ, ನಾಲ್ಕನೇ ಗೇರಿನಲ್ಲಿ, 5.38ರ ಹೌಸಿಂಗ್ ಇದ್ದರೆ ವೇಗ ಗಂಟೆಗೆ ಬರೀ 64 ಕಿ.ಮೀ. ಅದೇ 4.27ರ ಹೌಸಿಂಗ್ ಹಾಕಿದರೆ 81 ಕಿ.ಮೀ. ಪಿ.ಬಿ. ರಸ್ತೆಯಲ್ಲಿ ಲಾರಿಗಳ ನಡುವೆ ಓಡಿಸುವವರಿಗೆ ಈ ಹದಿನೇಳು ಕಿ.ಮೀ. ದೊಡ್ಡದು. ಐದನೇ ಗೇರ್ ಇದ್ದರೆ ಇನ್ನಷ್ಟು ಆರಾಮ. ಆದರೆ ನೆನಪಿಡಿ, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿಯಾದರೆ ಹಿಂದಿನ ಅನುಪಾತ ಬದಲಿಸಿದಷ್ಟೇ ಮುಂದಿನದನ್ನೂ ಬದಲಿಸಬೇಕು. ಎರಡೂ ಬೇರೆಬೇರೆ ಇದ್ದರೆ ಗಟ್ಟಿ ರಸ್ತೆಯಲ್ಲಿ ಗೇರುಗಳು ಒಂದನ್ನೊಂದು ಜಗ್ಗಿ ಮುರಿಯುತ್ತವೆ.

ಕೂರಿಸುವುದು

ಚೈನ್ ಪುಲ್ಲಿಯಿಂದ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೇ ಇಳಿಸಿ. ತೂಗುತ್ತಿರುವ ಎಂಜಿನ್ ಕೆಳಗೆ ಯಾರೂ ಕೈ ಹಾಕಬಾರದು. ಮೌಂಟಿಂಗ್ ಬ್ರಾಕೆಟ್‌ಗಳನ್ನು ಮೊದಲು ಚುಕ್ಕೆ ವೆಲ್ಡಿಂಗ್ ಮಾತ್ರ ಮಾಡಿ. ಎಲ್ಲ ಅಳತೆ ಸರಿ ಬಂದ ಮೇಲೆ ಎಂಜಿನ್ ಹೊರತೆಗೆದು ಪೂರ್ತಿ ವೆಲ್ಡ್ ಮಾಡಿ. ಚಾಸಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ವೆಲ್ಡ್ ಮಾಡಿದರೆ ಆ ಗೆರೆಯಲ್ಲೇ ಮುಂದೆ ಬಿರುಕು ಬಿಡುತ್ತದೆ. ವಜ್ರದ ಆಕಾರದ ಪಟ್ಟಿ ಇಟ್ಟು ಹೊರೆ ಹಂಚಿ. ವೆಲ್ಡಿಂಗ್ ಹೊತ್ತಿಗೆ ಬ್ಯಾಟರಿ, ಇಸಿಯು ಎರಡನ್ನೂ ಕಳಚಿಡಿ.

ನಾವು ಎಡವಿದ್ದು ಜಾಯಿಂಟ್ ಶಾಫ್ಟಿನಲ್ಲಿ. ಗಾಡಿಯ ವೇಗ 55 ಕಿ.ಮೀ. ದಾಟಿದರೆ ಸೀಟಿನ ಕೆಳಗೆ ನಡುಕ. ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ. ಹೋಗಲಿಲ್ಲ. ಮತ್ತೆ ಮಾಡಿಸಿದೆ. ಆಗ ಗೋಕುಲ ರಸ್ತೆಯ ಒಬ್ಬ ಹಿರಿಯ ಲೇತ್ ಮಿಸ್ತ್ರಿ ಗಾಡಿ ಕೆಳಗೆ ಹೊಕ್ಕು ನೋಡಿ ಹೇಳಿದರು: "ಸರ, ಶಾಫ್ಟಿಂದೇನೂ ತಪ್ಪಿಲ್ರಿ. ಎಂಜಿನ್ ಕುಂತಿದ್ದು ಸರಿ ಇಲ್ಲ." ಅವರು ಮಟ್ಟಗೋಲು ಇಟ್ಟು ತೋರಿಸಿದರು. ಗೇರ್‌ಬಾಕ್ಸ್ ಹಿಂದಕ್ಕೆ 5 ಡಿಗ್ರಿ ಇಳಿದಿತ್ತು. ಪಿನಿಯನ್ ಮೇಲಕ್ಕೆ ನೋಡುತ್ತಿದ್ದದ್ದು 1 ಡಿಗ್ರಿ ಮಾತ್ರ.

ಕಾರಣ ಹೀಗಿದೆ. ಶಾಫ್ಟಿನ ಎರಡು ತುದಿಗೆ ಎರಡು ಕ್ರಾಸ್, ಅಂದರೆ ಓರೆಯಲ್ಲೂ ತಿರುಗುವ ಕೀಲುಗಳು, ಇರುತ್ತವೆ. ಕ್ರಾಸ್ ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ. ಮುಂದಿನ ಕ್ರಾಸ್ ಮಾಡಿದ ಈ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸಿ ಹಾಕಬೇಕು. ಗೇರ್‌ಬಾಕ್ಸ್ ಎಷ್ಟು ಕೆಳಗೆ ನೋಡುತ್ತದೋ ಪಿನಿಯನ್ ಅಷ್ಟೇ ಮೇಲೆ ನೋಡಿದರೆ ಮಾತ್ರ ಅದು ಆಗುತ್ತದೆ. ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು, ಅಂದರೆ ಕ್ರಾಸ್ ಹಿಡಿದಿರುವ ಕವೆಗಳು, ಒಂದೇ ಗೆರೆಯಲ್ಲಿರಲಿ. ನಾವು ಗೇರ್‌ಬಾಕ್ಸಿನ ಹಿಂಬದಿಯನ್ನು ಸ್ವಲ್ಪ ಎತ್ತಿ, ಹಿಂದೆ ಪಾಟಾ ಮತ್ತು ಹೌಸಿಂಗ್ ನಡುವೆ ಬೆಣೆಯಾಕಾರದ ಲೋಹದ ತುಂಡು ಕೊಟ್ಟು ಎರಡನ್ನೂ 3 ಡಿಗ್ರಿಗೆ ತಂದೆವು. ನಡುಕ ಅವತ್ತೇ ನಿಂತಿತು. ಈ ಅಳತೆ ತೆಗೆಯುವಾಗ ಗಾಡಿ ತನ್ನ ಗಾಲಿಗಳ ಮೇಲೇ ನಿಂತಿರಬೇಕು. ಚಾಸಿಯನ್ನು ಜಾಕ್ ಮೇಲೆ ಎತ್ತಿ ಅಳೆದರೆ ಪಾಟಾ ಇಳಿಬಿದ್ದು ಲೆಕ್ಕ ಸುಳ್ಳಾಗುತ್ತದೆ.

ಬ್ರೇಕ್ ಇಲ್ಲದೆ ಚಾಲೂ ಮಾಡಬೇಡಿ

ಹಳೆಯ ಪಿಕಪ್‌ನಲ್ಲಿ ನಾಲ್ಕೂ ಕಡೆ ಡ್ರಮ್. ಬೂಸ್ಟರ್ ಇಲ್ಲ. ಮಾಸ್ಟರ್ ಸಿಲಿಂಡರ್ ಒಂದೇ ದಾರಿಯದು. ಒಂದು ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಹೋದವು. ಈಗಿನ ವೇಗಕ್ಕೆ ಇದು ಖಂಡಿತ ಸಾಲದು. ಮುಂದೆ ಡಿಸ್ಕ್, ಎರಡು ದಾರಿಯ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಹಾಕಿಸಿ. ಪೆಟ್ರೋಲ್ ಎಂಜಿನ್ನಿನ ಇನ್‌ಲೆಟ್‌ನಲ್ಲಿ ಬೂಸ್ಟರಿಗೆ ಬೇಕಾದ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಎಂಜಿನ್ ತರುವಾಗ ಅದು ಜೊತೆಗಿದೆಯಾ ನೋಡಿಕೊಳ್ಳಿ. ನನ್ನನ್ನು ಕೇಳಿದರೆ, ದುಡ್ಡು ಕಡಿಮೆ ಬಿದ್ದರೆ ಪೇಂಟಿಂಗ್ ಮುಂದಕ್ಕೆ ಹಾಕಿ. ಬ್ರೇಕ್ ಮುಂದಕ್ಕೆ ಹಾಕಬೇಡಿ.

ಡೀಸೆಲ್‌ಗೆ ಟ್ಯಾಂಕಿನಿಂದ ಬರುವ ಪೈಪ್ ಜೊತೆ ಮರಳಿ ಹೋಗುವ ಪೈಪೂ ಬೇಕು. ಸತುವಿನ ಲೇಪನದ ಟ್ಯಾಂಕ್ ಬೇಡ, ಡೀಸೆಲ್ ಅದನ್ನು ಕರಗಿಸಿ ಫಿಲ್ಟರ್ ಕಟ್ಟಿಸುತ್ತದೆ. ತುಕ್ಕಿನ ಒಂದು ಕಣ ಕಾಮನ್ ರೇಲ್ ಇಂಜೆಕ್ಟರ್ ಕೆಡಿಸಬಲ್ಲದು. ನೀರು ಬೇರ್ಪಡಿಸುವ ಫಿಲ್ಟರ್ ತಪ್ಪಿಸಬೇಡಿ. ಗಾಡಿ 6 ವೋಲ್ಟಿನದಾಗಿದ್ದರೆ ಬಲ್ಬು, ಮೀಟರ್ ಎಲ್ಲ 12ಕ್ಕೆ ಬದಲಿಸಿ. ಎಂಜಿನ್‌ನಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿ ಕೊಡಿ.

ರಸ್ತೆಗೆ

ಆರ್‌ಟಿಒ ತಪಾಸಣೆ ಮುಗಿದು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬಂದ ಮೇಲೆ ಮೊದಲ ವಾರ ಊರೊಳಗೇ ಓಡಿಸಿ. 500 ಕಿ.ಮೀ. ಆದಾಗ ಯು-ಬೋಲ್ಟ್, ಮೌಂಟಿಂಗ್, ಶಾಫ್ಟಿನ ಬೋಲ್ಟ್ ಎಲ್ಲವನ್ನೂ ಮತ್ತೆ ಬಿಗಿ ಮಾಡಿ. ಆಮೇಲೆ ಏಪ್ರಿಲ್ ಬಿಸಿಲಲ್ಲಿ ಅರ್ಧ ಹೊರೆ ಹಾಕಿಕೊಂಡು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಮತ್ತೆ ಹತ್ತಿ. ಇಳಿಯುವಾಗ ಬ್ರೇಕ್, ಹತ್ತುವಾಗ ರೇಡಿಯೇಟರ್, ಎರಡರ ಪರೀಕ್ಷೆಯೂ ಅಲ್ಲೇ ಆಗುತ್ತದೆ. ನಮ್ಮ ಗಾಡಿಯ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೊದಲ ಸಲ ಕೆಂಪಿನ ಹತ್ತಿರ ಹೋಗಿತ್ತು. ಫ್ಯಾನಿನ ಸುತ್ತ ತಗಡಿನ ಕವಚ ಹಾಕಿಸಿದ ಮೇಲೆ ನಡುವೆಯೇ ನಿಂತಿತು.

ಹಳೆಯ ಎಂಜಿನ್ನನ್ನು ನಾವು ಗುಜರಿಗೆ ಹಾಕಲಿಲ್ಲ. ಗ್ರೀಸ್ ಬಳಿದು, ಗೋಣಿಚೀಲ ಸುತ್ತಿ ಶೆಡ್‌ನಲ್ಲೇ ಇಟ್ಟಿದ್ದೇವೆ. ಚಾಸಿಯ ಮೇಲಿನ ಅದರ ಮೂಲ ಬ್ರಾಕೆಟ್‌ಗಳನ್ನೂ ಕತ್ತರಿಸಿಲ್ಲ.