ಕುರ್ಚಿ ಕೊಳ್ಳುವ ಮೊದಲು ಮೇಜು ಅಳೆಯಿರಿ

ಆಫೀಸು ಕುರ್ಚಿ ಕೊಳ್ಳಲು ಹೋದವರು ಬೆನ್ನಿಗೆ ಸಪೋರ್ಟ್ ಇದೆಯೇ, ತಲೆ ಆನಿಸಲು ದಿಂಬಿದೆಯೇ ಎಂದೆಲ್ಲ ಕೇಳುತ್ತಾರೆ. ಮೇಜಿನ ಎತ್ತರ ಎಷ್ಟೆಂದು ಮಾತ್ರ ಅಂಗಡಿಯವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ದುಬಾರಿ ಕುರ್ಚಿ ಮನೆಗೆ ಬಂದ ಮೇಲೂ ಭುಜನೋವು ಬಿಡದಿರುವುದು ಹೆಚ್ಚಾಗಿ ಇದರಿಂದಲೇ.

ಹಂತ 1: ಅಳತೆ

ಗಟ್ಟಿ ಸ್ಟೂಲಿನ ಮೇಲೆ ಬರಿಗಾಲಲ್ಲಿ, ಪಾದ ಪೂರ್ತಿ ಊರಿ ಕೂರಿ. ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಒಂದು ಅಳತೆ. ಭುಜ ಸಡಿಲ ಬಿಟ್ಟು ಕೈ ಮಡಿಸಿ, ಸ್ಟೂಲಿನಿಂದ ಮೊಣಕೈವರೆಗೆ ಇನ್ನೊಂದು. ಎರಡನ್ನೂ ಕೂಡಿದರೆ ನಿಮ್ಮ ಕೀಬೋರ್ಡ್ ಇರಬೇಕಾದ ಎತ್ತರ ಸಿಗುತ್ತದೆ.

ಐದಡಿ ಎರಡಿಂಚಿನವರೊಬ್ಬರಿಗೆ ಕಾಲಿನದು 40 ಸೆಂ.ಮೀ., ಮೊಣಕೈಯದು 22 ಬಂತೆನ್ನಿ. ಒಟ್ಟು 62. ಸಿದ್ಧ ಮೇಜುಗಳೋ ಸಾಮಾನ್ಯವಾಗಿ 75ರ ಆಸುಪಾಸು. ಉಳಿದ 13 ಸೆಂ.ಮೀ. ಎಲ್ಲಿ ಹೋಗಬೇಕು? ಕುರ್ಚಿ ತಗ್ಗಿಸಿದರೆ ಭುಜ ಕಿವಿಯತ್ತ ಏರುತ್ತದೆ. ಏರಿಸಿದರೆ ಕಾಲು ನೇತಾಡಿ, ಸೀಟಿನ ಅಂಚು ತೊಡೆಗೆ ಒತ್ತಿ ಜೋಮು ಹಿಡಿಯುತ್ತದೆ.

ಮೇಜು ಮರದ್ದಾಗಿ, ನಿಮ್ಮೊಬ್ಬರದೇ ಆಗಿದ್ದರೆ ಬಡಗಿಯಿಂದ ಕಾಲು ಕೊಯ್ಯಿಸಿ. ನನ್ನ ಮತ ಇದಕ್ಕೇ. (ಕೆಳಗೆ ಡ್ರಾಯರ್ ಇದ್ದರೆ ತೊಡೆ ತಾಗುತ್ತದೆ, ನೋಡಿಕೊಳ್ಳಿ.) ಬಾಡಿಗೆ ಮನೆಯ ಓನರ್ ಕೊಟ್ಟ ಮೇಜಾದರೆ ಕುರ್ಚಿ ಏರಿಸಿ, ಪಾದದಡಿಗೆ 13 ಸೆಂ.ಮೀ. ಎತ್ತರದ ಕಾಲುಮಣೆ ಮಾಡಿಸಿ. ಆಗ ಕುರ್ಚಿ ಎಷ್ಟು ಏರಬೇಕು? 75ರಲ್ಲಿ 22 ಕಳೆಯಿರಿ: 53. ಅಷ್ಟೆತ್ತರಕ್ಕೆ ಏರದ ಕುರ್ಚಿಗಳು ಬೇಕಾದಷ್ಟಿವೆ. ಕೂತಾಗ ಕುಶನ್ ಬೇರೆ ತಗ್ಗುತ್ತದೆ, ಅದೂ ಲೆಕ್ಕಕ್ಕಿರಲಿ.

ಲ್ಯಾಪ್‌ಟಾಪ್ ಮೇಲೇ ಟೈಪ್ ಮಾಡುವವರು ಮೊದಲು ಬೇರೆ ಕೀಬೋರ್ಡ್ ತಂದು, ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಏರಿಸಿ. ಕುರ್ಚಿಯ ಮಾತು ಆಮೇಲೆ.

ಹಂತ 2: ಅಂಗಡಿಯಲ್ಲಿ

ಶೂ ಬಿಚ್ಚಿ ಕೂರಿ. ಮನೆಯಲ್ಲೇನೂ ಶೂ ಹಾಕಿಕೊಂಡು ಕೆಲಸ ಮಾಡುವುದಿಲ್ಲವಲ್ಲ. ಬೆನ್ನು ಪೂರ್ತಿ ಹಿಂದಕ್ಕೆ ಆನಿಸಿದಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ, ಎಷ್ಟೇ ರಿಯಾಯಿತಿ ಇರಲಿ, ಎದ್ದು ಬನ್ನಿ. ಕುರ್ಚಿಯ ಬೆನ್ನಿನಲ್ಲಿ ಸೊಂಟಕ್ಕೆಂದು ಇರುವ ಉಬ್ಬು ನಿಮ್ಮ ಬೆಲ್ಟ್ ಮಟ್ಟಕ್ಕೆ ಬರುವಂತೆ ಮೇಲೆ ಕೆಳಗೆ ಸರಿಯಬೇಕು. ಎಲಾಸ್ಟಿಕ್ ಪಟ್ಟಿಯ ದಿಂಬು ಸೇರಿಸಿ ಕೊಡುತ್ತೇವೆಂದರೆ ಬೇಡವೆನ್ನಿ, ಅದು ಜಾರುತ್ತಲೇ ಇರುತ್ತದೆ.

ಹಂತ 3: ಆರ್ಮ್‌ರೆಸ್ಟ್

ಅದು ಮೇಜಿನಡಿ ನುಸುಳಬೇಕು. ಇಲ್ಲವಾದರೆ ಕುರ್ಚಿ ಹಿಂದೆಯೇ ನಿಲ್ಲುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ. ಏರಿಳಿಯದ ಆರ್ಮ್‌ರೆಸ್ಟ್‌ಗಿಂತ ಇಲ್ಲದಿರುವುದೇ ಮೇಲು. ಚಕ್ಕಳಮಕ್ಕಳ ಹಾಕುವ ಅಭ್ಯಾಸವಿದ್ದವರಿಗಂತೂ ಹೌದು.

ಹಂತ 4: ಹೊದಿಕೆ, ಚಕ್ರ

ಜಾಲರಿ ಬೆನ್ನು, ಟೈಲ್ಸ್ ನೆಲಕ್ಕೆ ಮೆತ್ತನೆ ಚಕ್ರ. ಮೆರುಗಿನ ರೆಕ್ಸಿನ್ ‘ಬಾಸ್ ಚೇರ್’ ನಮ್ಮ ಸೆಖೆಗೆ ಬೆವರಿಸಿ, ಕೊನೆಗೆ ಸಿಪ್ಪೆ ಏಳುತ್ತದೆ. ರೇಸ್ ಕಾರಿನ ಸೀಟಿನಂಥ ಗೇಮಿಂಗ್ ಕುರ್ಚಿಯನ್ನು ಮಕ್ಕಳು ಎಷ್ಟು ಹಟ ಹಿಡಿದರೂ ತರಬೇಡಿ.

ದುಡ್ಡು ಕಡಿಮೆಯಿದ್ದರೆ ಹೊಸ ಅಗ್ಗದ ಕುರ್ಚಿಗಿಂತ ಸೆಕೆಂಡ್ ಹ್ಯಾಂಡ್ ಒಳ್ಳೆಯದು. ಬೆಂಗಳೂರಿನಲ್ಲಿ ಕಂಪನಿಗಳು ಆಫೀಸು ಖಾಲಿ ಮಾಡಿದಾಗ ಒಳ್ಳೊಳ್ಳೆಯ ಕುರ್ಚಿಗಳು ಹಳೇ ಫರ್ನಿಚರ್ ಅಂಗಡಿ ಸೇರುತ್ತವೆ. ಪೂರ್ತಿ ಏರಿಸಿ ಸ್ವಲ್ಪ ಹೊತ್ತು ಕೂತು ನೋಡಿ. ತಾನೇ ಇಳಿದರೆ ಸೀಟಿನಡಿಯ, ಕುರ್ಚಿ ಏರಿಳಿಸುವ ಗ್ಯಾಸ್ ಸಿಲಿಂಡರ್ ಹೋಗಿದೆ. ಅದು ಬಿಡಿಯಾಗಿ ಸಿಗುತ್ತದೆ, ಬೆಲೆಯಲ್ಲಿ ಚೌಕಾಸಿ ಮಾಡಿ. ಸೀಟಿನ ಜಾಲರಿ ಜೋತುಬಿದ್ದಿದ್ದರೆ ಮಾತ್ರ ಬಿಟ್ಟುಬಿಡಿ.