ಕಾರಿಲ್ಲದೆ ಕೇರ್ನ್‌ಗಾರ್ಮ್ಸ್: ಒಂದೇ ಕಣಿವೆಯಲ್ಲಿ ಒಂದು ವಾರ

ಸ್ಕಾಟ್ಲೆಂಡಿಗೆ ಬರುವ ನಮ್ಮವರು ಲಾಖ್ ನೆಸ್, ಸ್ಕೈ ದ್ವೀಪ, ಗ್ಲೆನ್‌ಕೋ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಬೇಕು ಅಂತ ಹೊರಡುತ್ತಾರೆ. ಅರ್ಧ ರಜೆ ಕಾರಿನಲ್ಲೇ ಹೋಗುತ್ತದೆ. ನಾವಿರುವುದು ಎಡಿನ್‌ಬರಾದಲ್ಲಿ. ಊರಿಂದ ಅಮ್ಮ ಬಂದಿದ್ದಾಗ ಬೇರೆ ಥರ ಮಾಡಿದೆವು. ಕಾರು ಬೇಡ, ಒಂದೇ ಕಣಿವೆ ಸಾಕು ಅಂತ ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಬುಡದ ಏವಿಮೋರ್ ಎಂಬ ಊರಿನಲ್ಲಿ ಅಡುಗೆಮನೆ ಇರುವ ಪುಟ್ಟ ಮನೆಯೊಂದನ್ನು ವಾರಕ್ಕೆ ಬಾಡಿಗೆ ಹಿಡಿದೆವು.

ಎಡಿನ್‌ಬರಾದಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. ದಾರಿಯಲ್ಲಿ ಡ್ರಮೋಖ್ಟರ್ ಎಂಬ ಬೆಟ್ಟದ ಕಣಿವೆದಾರಿ ಸಿಗುತ್ತದೆ. ಬ್ರಿಟನ್ನಿನ ಮುಖ್ಯ ರೈಲು ಜಾಲದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ, 452 ಮೀಟರ್. ಅಲ್ಲಿ ಸುತ್ತ ಮರಗಳೇ ಕಡಿಮೆ. ಬರೀ ಬೋಳು ಗುಡ್ಡ, ಹೆದರ್ ಪೊದೆ.

ಏವಿಮೋರ್‌ನಿಂದ ಬಸ್ಸಿನಲ್ಲಿ ಗ್ಲೆನ್‌ಮೋರ್‌ಗೆ ಹೋದರೆ ಹಿಮಸಾರಂಗಗಳ ಹಿಂಡಿದೆ. ಬ್ರಿಟನ್ನಿನಲ್ಲಿ ಇವು ಎಂದೋ ಅಳಿದುಹೋಗಿದ್ದವು. 1952ರಲ್ಲಿ ಮಿಕೆಲ್ ಉಟ್ಸಿ ಎಂಬ, ಹಿಮಸಾರಂಗ ಸಾಕುವ ಸಾಮಿ ಜನಾಂಗದವರು ಸ್ವೀಡನ್ನಿನಿಂದ ಮತ್ತೆ ತಂದರು. ನೋಡಿಕೊಳ್ಳುವವರೇ ನಮ್ಮನ್ನು ಗುಡ್ಡ ಹತ್ತಿಸಿ ಕರೆದುಕೊಂಡು ಹೋಗುತ್ತಾರೆ. ಹಿಂಡು ಪಕ್ಕದಲ್ಲಿ ಹಾದುಹೋಗುವಾಗ ಒಂದು ನಿಮಿಷ ಮಾತು ನಿಲ್ಲಿಸಿ ಕೇಳಿ. ಪ್ರತಿ ಹೆಜ್ಜೆಗೂ ಟಿಕ್, ಟಿಕ್ ಅಂತ ಸದ್ದು. ಕಾಲಿನ ಮೂಳೆಯ ಮೇಲೆ ಸ್ನಾಯುರಜ್ಜು ಜಾರುವುದರಿಂದ ಬರುವ ಸದ್ದಂತೆ. ಮಂಜು ಕವಿದಾಗ ಹಿಂಡು ಒಟ್ಟಿಗಿರಲು ಅದು ನೆರವಾಗುತ್ತದಂತೆ. ಹೆಣ್ಣಿಗೂ ಕೊಂಬಿರುತ್ತದೆ, ಜಿಂಕೆ ಜಾತಿಯಲ್ಲಿ ಇವುಗಳಲ್ಲಿ ಮಾತ್ರ.

ನನಗೆ ಹೆಚ್ಚು ಹಿಡಿಸಿದ್ದು ನ್ಯೂಟನ್‌ಮೋರ್‌ನ ಹೈಲ್ಯಾಂಡ್ ಫೋಕ್ ಮ್ಯೂಸಿಯಂ. 1700ರ ಆಸುಪಾಸಿನ ಹಳ್ಳಿಯೊಂದನ್ನು ಅಲ್ಲಿ ಹಾಗೇ ಕಟ್ಟಿ ನಿಲ್ಲಿಸಿದ್ದಾರೆ. ಹುಲ್ಲು ಬೆಳೆದ ಮಣ್ಣಿನ ಹೆಂಟೆಗಳಿಂದ ಮಾಡಿದ ಗೋಡೆ, ಬಾಗಿ ಒಳಗೆ ಹೋಗುವ ಬಾಗಿಲು, ನಡುವೆ ನೆಲದ ಮೇಲೇ ಬೆಂಕಿ. ಉರಿಯುವುದು ಪೀಟ್ ಎಂಬ ಒಣಗಿಸಿದ ಜೌಗುಮಣ್ಣು. "ಹೊಗೆ ಹೋಗೋಕೆ ಗೂಡೇ ಇಟ್ಟಿಲ್ವಲ್ಲೋ," ಅಂದರು ಅಮ್ಮ. ಅವರೇ ಮೇಲೆ ನೋಡಿ ಕಪ್ಪಾದ ತೊಲೆಗಳನ್ನು ತೋರಿಸಿದರು. "ನಮ್ಮಜ್ಜಿ ಮನೆ ಅಟ್ಟ ನೋಡು, ಹೀಗೇ ಇತ್ತು. ಹೊಗೆ ಹಿಡಿದ್ರೆ ಹುಳ ಬೀಳಲ್ಲ." ಅರ್ಧ ಗಂಟೆ ಅಲ್ಲೇ ಕೂತರು. ನಾವು ಹೋದಾಗ ಮ್ಯೂಸಿಯಂಗೆ ಟಿಕೆಟ್ ಇರಲಿಲ್ಲ, ಮನಸ್ಸಿದ್ದಷ್ಟು ಕಾಣಿಕೆ ಹಾಕಬಹುದಿತ್ತು. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಮಕ್ಕಳಿದ್ದರೆ ಏವಿಮೋರ್‌ನಿಂದ ಬೋಟ್ ಆಫ್ ಗಾರ್ಟನ್ ಎಂಬ ಹಳ್ಳಿಯ ಕಡೆ ಹೋಗುವ ಉಗಿಬಂಡಿ ಇದೆ. 1965ರಲ್ಲಿ ಮುಚ್ಚಿದ್ದ ಹಳಿಯನ್ನು 1978ರಲ್ಲಿ ಸ್ವಯಂಸೇವಕರೇ ಮತ್ತೆ ಶುರುಮಾಡಿದರು. ನಡೆಯುವುದು ಇಷ್ಟವಿದ್ದರೆ ಲಾಖ್ ಅನ್ ಎಲನ್ ಕೆರೆಗೆ ಒಂದು ಸುತ್ತು ಹಾಕಿ. ಐದು ಕಿಲೋಮೀಟರಿನಷ್ಟು ಸಮತಟ್ಟು ದಾರಿ, ನಡುಗಡ್ಡೆಯಲ್ಲಿ ಪಾಳುಬಿದ್ದ ಕೋಟೆ, ಸುತ್ತ ಹಳೆಯ ಪೈನ್ ಕಾಡು. ಅಮ್ಮ ಆರಾಮಾಗಿ ನಡೆದರು. 2003ರ ಕಾನೂನಿನ ಪ್ರಕಾರ ಇಲ್ಲಿ ಬಹುಪಾಲು ಖಾಸಗಿ ಜಮೀನಿನಲ್ಲೂ ಎಲ್ಲರೂ ನಡೆಯಬಹುದು. ಬೆಳೆ ತುಳಿಯಬಾರದು. ದಾರಿಯಲ್ಲಿ ಸಿಕ್ಕ ಗೇಟು ಹೇಗಿತ್ತೋ ಹಾಗೇ ಬಿಡಬೇಕು.

ಇನ್ನು ಊಟ. ಹೋಟೆಲುಗಳಲ್ಲಿ ಬಿಸಿಬಿಸಿ ಬೇಳೆ ಸೂಪ್ ಸಿಗುತ್ತದೆ. ಸಸ್ಯಾಹಾರಿಗಳು ಹೆಸರು ನೋಡಿ ನಂಬಬೇಡಿ, ಹಂದಿ ಮೂಳೆ ಹಾಕಿ ಕುದಿಸುವುದು ಇಲ್ಲಿನ ಹಳೆಯ ಪದ್ಧತಿ. ಕೇಳಿದರೆ ಹೇಳುತ್ತಾರೆ. ನಾವಂತೂ ರಾತ್ರಿಗೆ ಮನೆಯಲ್ಲೇ ಅನ್ನ, ಸಾರು ಮಾಡಿಕೊಂಡೆವು. ಸಾರಿನ ಪುಡಿ ಜೊತೆಗಿರಲಿ.

ಯಾವಾಗ ಹೋಗಬೇಕು? ನನ್ನನ್ನು ಕೇಳಿದರೆ ಮೇ ಮೊದಲ ವಾರಗಳು. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಜೂನ್‌ನಿಂದ ಮಿಜ್ ಎಂಬ ನೊರಜುಗಳ ಕಾಟ ಶುರು. ಗಾಳಿಯಿದ್ದರೆ ಹತ್ತಿರ ಬರುವುದಿಲ್ಲ. ಗಾಳಿ ನಿಂತ ಒದ್ದೆ ಸಂಜೆಗಳಲ್ಲಿ ಮುತ್ತಿಕೊಳ್ಳುತ್ತವೆ. ಜುಲೈ, ಆಗಸ್ಟ್‌ನಲ್ಲೇ ಹೋಗಬೇಕಾದರೆ ಮುಖಕ್ಕೆ ಹಾಕುವ ಬಲೆ ಕೊಳ್ಳಿ, ನೋಡುವವರು ನಕ್ಕರೂ ಪರವಾಗಿಲ್ಲ. ಅಲ್ಲಿಯವರೂ ಹಾಕಿಕೊಳ್ಳುತ್ತಾರೆ.